ಗುಂಡಿಗಳ ಕಾರು, ಕ್ಯಾಮೆರಾಗಳ ವ್ಯಾನು

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಮನೆಯಲ್ಲಿ ಹಳೆಯದೊಂದು ಬಿಸ್ಕತ್ತಿನ ಡಬ್ಬಿ ಇತ್ತು. ತುಂಬ ಬರೀ ಗುಂಡಿಗಳು. ಹರಿದ ಅಂಗಿ ನೆಲ ಒರೆಸುವ ಬಟ್ಟೆಯಾಗುವ ಮೊದಲು ಅಮ್ಮ ಅದರ ಗುಂಡಿಗಳನ್ನು ಕತ್ತರಿಸಿ ಅದರೊಳಗೆ ಹಾಕುತ್ತಿದ್ದರು. ಯಾವತ್ತಾದರೂ ಬೇಕಾಗುತ್ತೆ ಅಂತ. ನಿಮ್ಮ ಮನೆಯಲ್ಲೂ ಅಂಥದ್ದೊಂದು ಡಬ್ಬಿ ಇರುತ್ತೆ, ಅಲ್ವಾ?

ಅಂಥ ಗುಂಡಿಗಳಿಂದಲೇ ಇಡೀ ಕಾರನ್ನು ಮುಚ್ಚಿದವರೊಬ್ಬರಿದ್ದರು. ಹೆಸರು ಡಾಲ್ಟನ್ ಸ್ಟೀವನ್ಸ್. ಅಮೆರಿಕದ ಸೌತ್ ಕೆರೊಲಿನಾ ರಾಜ್ಯದ ಬಿಷಪ್‌ವಿಲ್ ಅನ್ನುವ ಸಣ್ಣ ಊರು. ಅವರಿಗೆ ರಾತ್ರಿ ನಿದ್ದೆಯೇ ಬರುತ್ತಿರಲಿಲ್ಲ. 1983ರಲ್ಲಿ, ಹೊತ್ತು ಕಳೆಯಲು ದಾರಿ ಕಾಣದೆ, ಒಂದು ಸೂಟಿಗೆ ಗುಂಡಿ ಹೊಲಿಯಲು ಕೂತರು. ಊರೆಲ್ಲ ಮಲಗಿದೆ, ಒಂದು ದೀಪ, ಕೈಯಲ್ಲಿ ಸೂಜಿ. ದಾರ ಪೋಣಿಸಬೇಕು, ತೂತಿನಲ್ಲಿ ಎರಡು ಸಲ ಆಡಿಸಬೇಕು, ಗಂಟು ಹಾಕಬೇಕು, ಮುಂದಿನ ಗುಂಡಿ. ಹೀಗೆ ಸುಮಾರು ಮೂರು ವರ್ಷ ಕಳೆಯುವ ಹೊತ್ತಿಗೆ ಆ ಸೂಟಿನ ಮೇಲೆ 16,333 ಗುಂಡಿಗಳು ಕೂತಿದ್ದವು.

ಸೂಟು ಮುಗಿಯಿತು, ನಿದ್ದೆ ಬರಲಿಲ್ಲ. ಗಿಟಾರಿಗೆ ಅಂಟಿಸಿದರು. ಆಮೇಲೆ ಕಣ್ಣು ಬಿದ್ದದ್ದು ತಮ್ಮ ಷೆವೆಟ್ ಕಾರಿನ ಮೇಲೆ. ಅದಕ್ಕೆ ಹಿಡಿದದ್ದು ಸುಮಾರು ಒಂದೂವರೆ ಲಕ್ಷ ಗುಂಡಿ! ಕೊನೆಗೆ ಹೆಣ ಸಾಗಿಸುವ ಗಾಡಿಯೊಂದನ್ನೂ ಬಿಡಲಿಲ್ಲ. ಅದರ ಮೇಲೆ ಸುಮಾರು 6 ಲಕ್ಷ. ಎಲ್ಲರೂ ಮುಖ ತಿರುಗಿಸುವ ಗಾಡಿಯನ್ನು ಜನ ಹತ್ತಿರ ಹೋಗಿ ಮುಟ್ಟಿ ನೋಡುವ ಹಾಗೆ ಮಾಡಿದರಲ್ಲ, ನನಗೆ ಅವರ ಕೆಲಸದಲ್ಲೆಲ್ಲ ಅದೇ ದೊಡ್ಡದು ಅನ್ನಿಸುತ್ತದೆ. ಸ್ಟೀವನ್ಸ್ 2016ರಲ್ಲಿ ತೀರಿಕೊಂಡರು. ಅವರಿದ್ದಾಗಲೇ ಅವರ ಗುಂಡಿಗಳಿಗೆಂದು ಬಿಷಪ್‌ವಿಲ್‌ನಲ್ಲಿ ಒಂದು ಸಂಗ್ರಹಾಲಯವಾಗಿತ್ತು.

ಗಾಡಿ ಸಿಂಗರಿಸೋದು ನಮಗೇನೂ ಹೊಸದಲ್ಲ. ಆಯುಧಪೂಜೆ ದಿನ ಲಾರಿಗೆ ಬಾಳೆಕಂದು, ಚೆಂಡುಹೂವಿನ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು. ಆದರೆ ಮಾರನೇ ದಿನಕ್ಕೆ ಹೂವು ಬಾಡುತ್ತದೆ. ಆರ್ಟ್ ಕಾರ್ ಅನ್ನುವ ಈ ಗಾಡಿಗಳ ಸಿಂಗಾರ ವರ್ಷಗಟ್ಟಲೆ ಬಾಳಬೇಕು. ಬಿಸಿಲಿಗೆ ತಗಡು ಕಾಯುತ್ತದೆ, ಮಳೆಗೆ ತೋಯುತ್ತದೆ, ಗುಂಡಿ ಬಿದ್ದ ರಸ್ತೆಯಲ್ಲಿ ಕುಲುಕುತ್ತದೆ. ಗಟ್ಟಿಯಾಗಿ ಒಣಗುವ ಗೋಂದು ಬಿರುಕು ಬಿಟ್ಟು ಉದುರಿಹೋಗುತ್ತದೆ. ಅದಕ್ಕೇ ಈ ಕೆಲಸದವರು ಜಾಸ್ತಿ ನೆಚ್ಚಿಕೊಂಡಿರೋದು ಸಿಲಿಕೋನನ್ನು. ಮೀನಿನ ತೊಟ್ಟಿಯ ಗಾಜು ಕೂಡಿಸಲು ಬಳಸುತ್ತಾರಲ್ಲ, ಅದೇ. ಒಣಗಿದ ಮೇಲೂ ರಬ್ಬರಿನ ಹಾಗೆ ಬಾಗುತ್ತದೆ, ಗಾಡಿ ಕುಲುಕಿದರೂ ಹಿಡಿತ ಬಿಡುವುದಿಲ್ಲ.

ಇಂಥ ಗಾಡಿಗಳದ್ದೇ ಒಂದು ಮೆರವಣಿಗೆ ಟೆಕ್ಸಾಸಿನ ಹ್ಯೂಸ್ಟನ್ ನಗರದಲ್ಲಿ ನಡೆಯುತ್ತದೆ. 1988ರಲ್ಲಿ ಸುಮಾರು 40 ಗಾಡಿಗಳಿಂದ ಶುರುವಾದದ್ದು, ಈಗ ಇನ್ನೂರೈವತ್ತರ ಹತ್ತಿರ ಬಂದಿದೆ. ಅದಕ್ಕೂ ಮೊದಲೇ, 1984ರಲ್ಲಿ, ಜಾಕಿ ಹ್ಯಾರಿಸ್ ಅನ್ನುವ ಕಲಾವಿದೆ ಒಂದು ಹಳೆಯ ಫೋರ್ಡ್ ಗಾಡಿಯ ಮೇಲೆ ಪ್ಲಾಸ್ಟಿಕ್ ಹಣ್ಣುಗಳನ್ನು ಹೇರಿ ಫ್ರೂಟ್‌ಮೊಬೈಲ್ ಮಾಡಿದ್ದರು. ಮಿನಿಯಾಪೊಲಿಸ್‌ನಲ್ಲಿ ಜ್ಯಾನ್ ಎಲ್ಫ್‌ಟ್‌ಮನ್ ಅನ್ನುವ ಕಲಾವಿದೆ ಹೋಟೆಲಿನಲ್ಲಿ ಬಡಿಸುವ ಕೆಲಸದಲ್ಲಿದ್ದಾಗ ಕೂಡಿಟ್ಟ ಬಾಟಲಿ ಬಿರಡೆಗಳನ್ನು ತಮ್ಮ ಪಿಕಪ್ ಗಾಡಿಗೆ ಅಂಟಿಸಿದರು, ಹತ್ತು ಸಾವಿರಕ್ಕೂ ಹೆಚ್ಚು. ಇನ್ನೊಬ್ಬ ಕಲಾವಿದ, ಜೀನ್ ಪೂಲ್, ಕಾರಿಗೆ ಅಂಟು ಬಳಿದು ಹುಲ್ಲಿನ ಬೀಜ ಚೆಲ್ಲಿ ದಿನಾ ನೀರು ಹಾಕಿದರು. ಕಾರೇ ಹಸಿರು ಚಿಗುರಿತು.

ಬೆಲೆಬಾಳುವ ವಸ್ತುವಿನ ಕಾರೂ ಇದೆ. 2011ರಲ್ಲಿ ನಮ್ಮ ಬೆಂಗಳೂರಿನ ಟೈಟಾನ್ ಕಂಪನಿಯ ಒಡವೆ ಬ್ರ್ಯಾಂಡ್ ಗೋಲ್ಡ್‌ಪ್ಲಸ್ ಒಂದು ನ್ಯಾನೊ ಕಾರಿಗೆ 80 ಕಿಲೊ ಚಿನ್ನ, 15 ಕಿಲೊ ಬೆಳ್ಳಿ ತೊಡಿಸಿತು. ಅಕ್ಕಸಾಲಿಗರ ಕುಸುರಿ ಕೆಲಸ ನಿಜಕ್ಕೂ ಚೆಂದ. ಆದರೂ ನನ್ನ ಮನಸ್ಸು ಹೋಗೋದು ಗುಂಡಿಯ ಕಾರಿನ ಕಡೆಗೇ. ಚಿನ್ನಕ್ಕೆ ಮೊದಲೇ ಬೆಲೆ ಇದೆ. ಗುಂಡಿಗೆ ಆ ಬೆಲೆ ಬಂದದ್ದು ಒಬ್ಬರು ನಿದ್ದೆಯಿಲ್ಲದೆ ಕಳೆದ ರಾತ್ರಿಗಳಿಂದ.

ಕೊನೆಯದಾಗಿ ಹ್ಯಾರಡ್ ಬ್ಲಾಂಕ್ ಅನ್ನುವ ಅಮೆರಿಕದ ಕಲಾವಿದರ ವ್ಯಾನಿನ ವಿಷಯ. ಹುಡುಗನಾಗಿದ್ದಾಗ ತಮ್ಮ ಫೋಕ್ಸ್‌ವ್ಯಾಗನ್ ಕಾರಿನ ಬಾಗಿಲ ಮೇಲೆ ಒಂದು ಹುಂಜ ಬಿಡಿಸಿದರು. ಅಲ್ಲಿಂದ ಶುರು. ಆ ಕಾರು ಬೆಳೆಯುತ್ತಾ ಹೋಯಿತು. ನೋಡಿದವರ ಬಾಯಲ್ಲಿ ಬಂದ ಉದ್ಗಾರವೇ ಅದಕ್ಕೆ ಹೆಸರಾಯಿತು, ‘ಓ ಮೈ ಗಾಡ್’ ಅಂತ. ಹೋದಲ್ಲೆಲ್ಲ ಜನ ಬೆರಗಾಗಿ ನಿಲ್ಲುತ್ತಿದ್ದರು. ಆ ಮುಖಗಳನ್ನು ಹಿಡಿದಿಡಬೇಕು ಅನ್ನುವ ಆಸೆ. ಕ್ಯಾಮೆರಾ ಎತ್ತಿದರೆ ಸಾಕು, ಯಾರೇ ಆಗಲಿ ಮುಖ ಬಿಗಿ ಮಾಡಿಕೊಳ್ಳುತ್ತಾರೆ. ಒಂದು ರಾತ್ರಿ, ತಮ್ಮ ಕಾರಿನ ತುಂಬ ಕ್ಯಾಮೆರಾ ಅಂಟಿಸಿದ ಹಾಗೆ ಕನಸು ಬಿತ್ತು. 1995ರ ಹೊತ್ತಿಗೆ ಅದನ್ನು ಮಾಡಿಯೇಬಿಟ್ಟರು. ಹಳೆಯ ಡಾಡ್ಜ್ ವ್ಯಾನಿನ ಮೈತುಂಬ 1,700ಕ್ಕೂ ಹೆಚ್ಚು ಕ್ಯಾಮೆರಾಗಳು. ಹೆಚ್ಚಿನವು ಕೆಟ್ಟುಹೋದವು. ನಡುವೆ ಕೆಲವು ಮಾತ್ರ ನಿಜವಾಗಿ ಕೆಲಸ ಮಾಡುತ್ತವೆ.

ಯಾವುದು ಅಂತ ಹೊರಗೆ ನಿಂತವರಿಗೆ ಗೊತ್ತಾಗೋದಿಲ್ಲ. ವ್ಯಾನು ಬಂದು ನಿಲ್ಲುತ್ತದೆ. ಯಾರೋ ಅಜ್ಜಿ, ಯಾರೋ ಪೊಲೀಸಿನವರು, ಹೆಗಲ ಮೇಲೆ ಕೂತ ಮಗು, ಎಲ್ಲರೂ ಬಾಯಿ ತೆರೆದು ನೋಡುತ್ತಾರೆ. ಒಳಗೆ ಕೂತವರು ಗುಂಡಿ ಒತ್ತುತ್ತಾರೆ.

ನಮಸ್ಕಾರ.