ಗ್ರಾಫಿಕ್ಸ್ ಕಾರ್ಡ್ ಬಂತು, ವೇಗ ಏಕೆ ಬರಲಿಲ್ಲ?

ನಮಸ್ಕಾರ. ವಿರಾಜಪೇಟೆಯ ಮದುವೆ ಛಾಯಾಗ್ರಾಹಕರೊಬ್ಬರ ಪ್ರಶ್ನೆ ಇದು: "ದುಬಾರಿ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದೆ. ಆದರೂ ಒಂದು ರಾ ಫೋಟೊದಿಂದ ಮುಂದಿನದಕ್ಕೆ ಹೋದರೆ ಚಿತ್ರ ಮಸುಕಾಗಿಯೇ ನಿಂತಿರುತ್ತದೆ. ಅಂಗಡಿಯವನು ಟೋಪಿ ಹಾಕಿದನೇ?"

ಅಂಗಡಿಯವನನ್ನು ಸದ್ಯಕ್ಕೆ ಕ್ಷಮಿಸಿ. ರಾ ಎಂದರೆ ಕ್ಯಾಮೆರಾ ಅಳೆದದ್ದನ್ನು ಹೆಚ್ಚುಕಡಿಮೆ ಹಾಗೆಯೇ ಇಟ್ಟ ಕಚ್ಚಾ ಫೈಲ್, ಜೆಪೆಗ್ ಎಂದರೆ ಕ್ಯಾಮೆರಾವೇ ಸಿದ್ಧಪಡಿಸಿ ಕೊಟ್ಟ ಚಿತ್ರ. ನೇರವಾಗಿ ವಿಷಯಕ್ಕೆ ಬರುತ್ತೇನೆ.

[ಪರದೆ: ಕುಪ್ಯ (ಕೊಡವರ ನಿಲುವಂಗಿ) ತೊಟ್ಟ ವರ. ನಡುವಿಗೆ ಸುತ್ತಿದ ಕೆಂಪು ಪಟ್ಟಿಯ, ಅಂದರೆ ಚೇಲೆಯ, ಮೇಲೆ ಜೂಮ್.]

ಈ ಚೇಲೆ ನೋಡಿ. ಇಲ್ಲಿನ ಪ್ರತಿ ನಾಲ್ಕು ಬಿಂದುಗಳಲ್ಲಿ (ಪಿಕ್ಸೆಲ್‌ಗಳಲ್ಲಿ) ಮೂರರ ಕೆಂಪನ್ನು ಕ್ಯಾಮೆರಾ ಅಳೆದೇ ಇಲ್ಲ! ಕೊಡಾಕ್‌ನ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಜೋಡಣೆಯೇ ಇಂದಿಗೂ ಬಹುತೇಕ ಕ್ಯಾಮೆರಾಗಳಲ್ಲಿದೆ: ನಾಲ್ಕು ಬಿಂದುಗಳಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಹಸಿರಿಗೆ ದುಪ್ಪಟ್ಟು ಪಾಲು ಸಿಕ್ಕಿದ್ದು ನಮ್ಮ ಕಾಫಿ ತೋಟಗಳ ಮೇಲಿನ ಅಕ್ಕರೆಯಿಂದಲ್ಲ. ಸೂಕ್ಷ್ಮ ವಿವರಗಳನ್ನು ಗುರುತಿಸಲು ನಮ್ಮ ಕಣ್ಣು ಹಸಿರನ್ನೇ ಹೆಚ್ಚು ನೆಚ್ಚಿಕೊಂಡಿದೆ. ಒಂದು ಬಿಂದು ಅಳೆಯುವುದು ಒಂದೇ ಬಣ್ಣ. ಉಳಿದೆರಡನ್ನು ಅಕ್ಕಪಕ್ಕದ ಬಿಂದುಗಳನ್ನು ನೋಡಿ ತಂತ್ರಾಂಶ ಊಹಿಸಬೇಕು. ಇದಕ್ಕೆ ಡಿಮೊಸಾಯಿಕ್ ಎನ್ನುತ್ತಾರೆ. 24 ಮೆಗಾಪಿಕ್ಸೆಲ್ ಚಿತ್ರದಲ್ಲಿ ಅಳೆದದ್ದು 2.4 ಕೋಟಿ ಸಂಖ್ಯೆ, ಊಹಿಸಿದ್ದು 4.8 ಕೋಟಿ! ಜರಿಯ ನೇಯ್ಗೆಯ ಮೇಲೆ ಒಮ್ಮೊಮ್ಮೆ ಇಲ್ಲದ ಬಣ್ಣದ ಪಟ್ಟೆಗಳು ಮೂಡುತ್ತವಲ್ಲ, ಅದು ಈ ಊಹೆ ಎಡವಿದ ಗುರುತು. ಫೋಟೊ ಸುಳ್ಳು ಹೇಳುವುದಿಲ್ಲ ಎನ್ನುವವರಿಗೆ ಇದನ್ನು ತೋರಿಸಿ.

ಈಗ ಉತ್ತರ. ಮುಂದಿನ ಫೋಟೊಗೆ ಹೋದಾಗ ಫೈಲ್ ಡಿಸ್ಕ್‌ನಿಂದ ಬರಬೇಕು, ಬಿಚ್ಚಿಕೊಳ್ಳಬೇಕು, ಈ ಊಹೆಯೆಲ್ಲ ನಡೆಯಬೇಕು, ನೀವು ಮೊದಲೇ ಮಾಡಿದ ತಿದ್ದುಪಡಿಗಳು ಮತ್ತೆ ಕೂರಬೇಕು. ಫೋಟೊ ತಿದ್ದುವ ಲೈಟ್‌ರೂಮ್ ಕ್ಲಾಸಿಕ್‌ನಂಥ ತಂತ್ರಾಂಶಗಳಲ್ಲಿ ಈ ಮೊದಲ ಹಂತಗಳ ಭಾರ ಹೆಚ್ಚಾಗಿ ಡಿಸ್ಕ್ ಮತ್ತು ಪ್ರೊಸೆಸರ್ ಮೇಲೆ ಬೀಳುತ್ತದೆ. ಅಲ್ಲಿ ನಿಮ್ಮ ಕಾರ್ಡ್ ತನ್ನ ಸರದಿಗಾಗಿ ಕಾಯುತ್ತಿರುತ್ತದೆ. ಫೋಟೊಗಳು ಯುಎಸ್‌ಬಿ 2.0 ಡ್ರೈವ್‌ನಲ್ಲಿದ್ದರೆ ಸೆಕೆಂಡಿಗೆ 40 ಎಂಬಿ ಬಂದರೆ ಪುಣ್ಯ. ಚಿಪ್‌ಗಳಲ್ಲಿ ಫೈಲ್ ಉಳಿಸುವ ಸಾಟಾ ಎಸ್‌ಎಸ್‌ಡಿ 500 ಎಂಬಿ ದಾಟುತ್ತದೆ.

ಹಾಗೆಂದು ಕಾರ್ಡ್ ಮಾರಬೇಡಿ. ಕಕ್ಕಡ ಮಾಸದ ಮಳೆಯಲ್ಲಿ, ನಾಗರಹೊಳೆಯ ಮಬ್ಬಿನಲ್ಲಿ, ಕಡಿಮೆ ಬೆಳಕಿಗೆಂದು ಕ್ಯಾಮೆರಾದ ಸಂವೇದನೆ ಏರಿಸಿ, ಐಎಸ್‌ಒ 6400ರಲ್ಲಿ ತೆಗೆದ ಚಿತ್ರದ ಕಾಳುಕಾಳನ್ನು ಎಐ ಡಿನಾಯ್ಸ್‌ನಿಂದ ತೆಗೆಯುವಾಗ ಬಹುಪಾಲು ದುಡಿಮೆ ಕಾರ್ಡಿನದ್ದೇ. ಹಳೆಯ ಕಾರ್ಡ್‌ನಲ್ಲಿ ನಿಮಿಷಗಟ್ಟಲೆ ಹಿಡಿಯುವುದು ಒಳ್ಳೆಯ ಕಾರ್ಡ್‌ನಲ್ಲಿ ಸೆಕೆಂಡುಗಳಲ್ಲಿ ಮುಗಿಯಬಹುದು.

ಸಮಯ ಮೀರುತ್ತಿದೆ, ಉಳಿದದ್ದು ಒಂದೇ ಉಸಿರಿನಲ್ಲಿ: ರ‍್ಯಾಮ್ 16 ಜಿಬಿಗಿಂತ ಕಡಿಮೆ ಬೇಡ. 4ಕೆ ಪರದೆಯಲ್ಲಿ ಫುಲ್ ಎಚ್‌ಡಿಯ ನಾಲ್ಕು ಪಟ್ಟು ಪಿಕ್ಸೆಲ್‌ಗಳಿವೆ, ಕೆಲಸವೂ ಹೆಚ್ಚುತ್ತದೆ. ಕರೆಂಟ್ ಹೋದರೆ ಹೆಚ್ಚಿನ ಲ್ಯಾಪ್‌ಟಾಪ್‌ಗಳು ಬ್ಯಾಟರಿ ಉಳಿಸಲು ವೇಗ ಇಳಿಸಿಕೊಳ್ಳುತ್ತವೆ. ಮಳೆಗಾಲದ ಕೊಡಗಿನಲ್ಲಿ ನನ್ನ ಪ್ರಕಾರ ಇನ್ವರ್ಟರ್ ಕೂಡ ಹಾರ್ಡ್‌ವೇರ್.

ವಿರಾಜಪೇಟೆಯವರೇ, ನೀವು ಇಂದು ರಾತ್ರಿ ಮಾಡಬೇಕಾದದ್ದು ಇಷ್ಟೇ: ಕ್ಯಾಟಲಾಗ್ (ತಂತ್ರಾಂಶ ನಿಮ್ಮ ತಿದ್ದುಪಡಿಗಳ ಲೆಕ್ಕವಿಡುವ ಫೈಲ್) ಮತ್ತು ಫೋಟೊಗಳನ್ನು ಎಸ್‌ಎಸ್‌ಡಿಗೆ ಸಾಗಿಸಿ, ಮದುವೆಯ ಅಷ್ಟೂ ಚಿತ್ರಗಳಿಗೆ ಪ್ರಿವ್ಯೂ (ಮೊದಲೇ ಸಿದ್ಧವಾದ ನೋಟದ ಪ್ರತಿ) ಕಟ್ಟಲು ಹಚ್ಚಿ ಮಲಗಿ. ಬೆಳಿಗ್ಗೆಯೂ ತಡವರಿಸಿದರೆ, ಕಂಪ್ಯೂಟರಿನ ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು ಫೋಟೊ ಬದಲಿಸಿ. ಅಲ್ಲಿ ಯಾವುದು ಶೇಕಡಾ 100 ಮುಟ್ಟುತ್ತದೋ ಕಮೆಂಟ್‌ನಲ್ಲಿ ಬರೆಯಿರಿ. ಮುಂದಿನ ಖರ್ಚಿನ ಮಾತು ಆಮೇಲೆ.