ಮೊದಲು ಅರ್ಥಿಂಗ್ ನೋಡಿ

ಕೇಳುಗರಿಗೆಲ್ಲ ನಮಸ್ಕಾರ.

ಹಳೆಯ ಕಾರನ್ನು ಪ್ರೀತಿಯಿಂದ ಇಟ್ಟುಕೊಂಡಿರುವವರ ಜೊತೆ ಇವತ್ತು ನನ್ನ ಮಾತು. ಬೆಳಿಗ್ಗೆ ಕೀ ತಿರುಗಿಸುತ್ತೀರಿ. ಟಕ್ ಅಂತ ಒಂದು ಸದ್ದು, ಅಷ್ಟೇ. ಇಲ್ಲವೇ ಒಂದು ಹೆಡ್‌ಲೈಟ್ ಬೆಳ್ಳಗೆ ಉರಿದರೆ ಇನ್ನೊಂದು ಹಳದಿಯಾಗಿ ಮಂಕಾಗಿರುತ್ತದೆ. ಆಗ ನಾವು ಏನು ಮಾಡುತ್ತೇವೆ? ಹೊಸ ಬ್ಯಾಟರಿ ತರುತ್ತೇವೆ. ಅದಕ್ಕೂ ಜಗ್ಗದಿದ್ದರೆ ಬ್ಯಾಟರಿ ಚಾರ್ಜ್ ಮಾಡುವ ಡೈನಮೋ ಬಿಚ್ಚುತ್ತೇವೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಅರ್ಥಿಂಗ್ ನೋಡಿ.

ಅರ್ಥಿಂಗ್ ಅಂದರೆ ಬಹಳ ಸುಲಭ. ಬ್ಯಾಟರಿಯಿಂದ ಹೊರಟ ಕರೆಂಟ್ ಬಲ್ಬ್ ಉರಿಸಿ ಮತ್ತೆ ಬ್ಯಾಟರಿಗೇ ಬಂದು ಸೇರಬೇಕು. ಹೋಗುವುದಕ್ಕೆ ತಂತಿ ಇದೆ. ವಾಪಸ್ ಬರುವುದಕ್ಕೆ ಕಾರಿನ ಕಬ್ಬಿಣದ ಮೈಯೇ ದಾರಿ. 50 ವರ್ಷ ಓಡಿದ ಕಾರಿನಲ್ಲಿ ಆ ದಾರಿಯ ಬೋಲ್ಟುಗಳಿಗೆ ತುಕ್ಕು ಹಿಡಿದಿರುತ್ತದೆ, ತಾಮ್ರಕ್ಕೆ ಕಿಲುಬು ಹತ್ತಿರುತ್ತದೆ. ಕಾಲುವೆ ಕಟ್ಟಿಕೊಂಡರೆ ನೀರು ಪಕ್ಕಕ್ಕೆ ನುಗ್ಗುತ್ತದೆ ಅಲ್ವಾ? ಕರೆಂಟ್ ಕೂಡ ಹಾಗೆಯೇ. ಇಂಡಿಕೇಟರ್ ಹಾಕಿದರೆ ಪಕ್ಕದ ಹಿಂದಿನ ದೀಪವೂ ಅದೇ ತಾಳಕ್ಕೆ ಮಿಣುಕುತ್ತದೆ. ಬ್ರೇಕ್ ಒತ್ತಿದರೆ ಪೆಟ್ರೋಲ್ ಮುಳ್ಳು ಅಲ್ಲಾಡುತ್ತದೆ. ಇದನ್ನು ಕಂಡರೆ ಬೇರೆ ಕಡೆ ಹುಡುಕಲೇಬೇಡಿ. ಅರ್ಥಿಂಗ್ ನೋಡಿ.

ನನಗೆ ಈ ಪಾಠ ಕಲಿಸಿದ ಘಟನೆ ಹೇಳುತ್ತೇನೆ. ನನ್ನ ಕಾರಿನ ಎಂಜಿನ್ ಇಳಿಸಿ, ಷಾಸಿಗೆ, ಅಂದರೆ ಕಾರಿನ ಕೆಳಗಿನ ಕಬ್ಬಿಣದ ಚೌಕಟ್ಟಿಗೆ, ಚೆನ್ನಾಗಿ ಬಣ್ಣ ಹೊಡೆದು ಮತ್ತೆ ಕೂರಿಸಿದ್ದೆವು. ನೋಡಲು ಕಣ್ಣು ತುಂಬುವಂತಿತ್ತು. ಆದರೆ ಸೆಲ್ಫ್, ಅಂದರೆ ಎಂಜಿನ್ ತಿರುಗಿಸಿ ಶುರು ಮಾಡುವ ಮೋಟರ್, ಎತ್ತುತ್ತಿರಲಿಲ್ಲ. ಬ್ಯಾಟರಿ 12.6 ವೋಲ್ಟ್ ತೋರಿಸುತ್ತಿತ್ತು, ಅಂದರೆ ಪೂರ್ತಿ ಚಾರ್ಜ್. ಸೆಲ್ಫ್ ಮೋಟರನ್ನು ಎರಡು ಸಲ ಬಿಚ್ಚಿದೆವು. ಮೇಜಿನ ಮೇಲಿಟ್ಟು ನೇರ ಬ್ಯಾಟರಿ ಕೊಟ್ಟರೆ ಗರ್ರನೆ ತಿರುಗುತ್ತದೆ, ಕಾರಿಗೆ ಹಾಕಿದರೆ ಬರೀ ಟಕ್. ಮೂರನೇ ದಿನ ಹಿರಿಯ ಗೆಳೆಯರೊಬ್ಬರಿಗೆ ಫೋನ್ ಮಾಡಿದೆ. ಅವರು ಅದೇ ಮಾದರಿಯ ಕಾರನ್ನು ಬಹಳ ವರ್ಷದಿಂದ ಸಾಕಿದವರು. ನನ್ನ ಕಥೆಯನ್ನೆಲ್ಲ ಕೇಳಿ ಅವರು ಒಂದೇ ಪ್ರಶ್ನೆ ಕೇಳಿದರು: "ಈಗ ಸೆಲ್ಫ್ ಹೊಡೆದು ಚೋಕ್ ಕೇಬಲ್ ಮುಟ್ಟಿ ನೋಡಿ, ಬಿಸಿ ಇದೆಯಾ?" ಚೋಕ್ ಕೇಬಲ್ ಅಂದರೆ ಡ್ರೈವರ್ ಮುಂದಿನ ಚೋಕ್ ಗುಂಡಿಯಿಂದ ಎಂಜಿನ್‌ಗೆ ಹೋಗುವ ಸಣ್ಣ ಲೋಹದ ತಂತಿ. ಮುಟ್ಟಿದೆ. ಬೆರಳು ಚುರ್ ಅಂತು.

ಏನಾಗಿತ್ತು ಗೊತ್ತೇ? ಎಂಜಿನ್ ಕೂತಿರುವುದು ರಬ್ಬರ್ ಮೇಲೆ. ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಅದಕ್ಕೇ ಎಂಜಿನ್‌ಗೂ ಷಾಸಿಗೂ ನಡುವೆ ಹೆಣೆದ ತಾಮ್ರದ ಪಟ್ಟಿ ಕಟ್ಟಿರುತ್ತಾರೆ. ನಾವು ಆ ಪಟ್ಟಿಯನ್ನು ಹೊಸ ಬಣ್ಣದ ಮೇಲೆಯೇ ಬಿಗಿದಿದ್ದೆವು. ಬಣ್ಣವೂ ಕರೆಂಟ್ ಬಿಡುವುದಿಲ್ಲ. ಸೆಲ್ಫ್ ಮೋಟರಿಗೆ ಬೇಕಾದ ನೂರಾರು ಆಂಪ್ ಕರೆಂಟ್, ದಾರಿ ಕಾಣದೆ ಸಣ್ಣ ಚೋಕ್ ಕೇಬಲ್ ಹಿಡಿದು ವಾಪಸ್ ಹೋಗಲು ನೋಡುತ್ತಿತ್ತು. ಒಂದು ನಾಣ್ಯದಷ್ಟು ಜಾಗವನ್ನು ಉಪ್ಪುಕಾಗದದಲ್ಲಿ ಉಜ್ಜಿದೆ. ಹೊಳೆಯುವ ಕಬ್ಬಿಣ ಕಂಡಿತು. ಪಟ್ಟಿ ಬಿಗಿದು ಕೀ ತಿರುಗಿಸಿದೆ. ಮೊದಲ ಸಲಕ್ಕೇ ಎಂಜಿನ್ ಶುರುವಾಯಿತು. ಆ ಸದ್ದು ನನಗೆ ಇವತ್ತಿಗೂ ನೆನಪಿದೆ.

ಈ ಕಥೆಗೇ ಸಮಯ ಜಾಸ್ತಿ ಹೋಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ.

ಎಷ್ಟೋ ಜನ ದೀಪ ಉರಿಸದೆಯೇ ಮೀಟರ್ ಹಿಡಿದು "12 ವೋಲ್ಟ್ ಬರುತ್ತಿದೆ, ವೈರಿಂಗ್ ಸರಿಯಿದೆ" ಅನ್ನುತ್ತಾರೆ. ಈ ಮಾತು ಕೇಳಿದರೆ ನನಗೆ ಸುಮ್ನಿರಲು ಆಗುವುದಿಲ್ಲ. ತಂತಿಯಲ್ಲಿ ಒಂದೇ ಒಂದು ಎಳೆ ಉಳಿದಿದ್ದರೂ ಮೀಟರ್ 12 ತೋರಿಸುತ್ತದೆ. ಆ ಒಂದು ಎಳೆ ಹೆಡ್‌ಲೈಟ್ ಉರಿಸುತ್ತದೆಯೇ? ಕೆಲಸ ನಡೆಯುವಾಗ ಅಳೆಯಬೇಕು. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ ಇಡಿ, ಇನ್ನೊಂದನ್ನು ಎಂಜಿನ್ನಿನ ಬರಿ ಕಬ್ಬಿಣಕ್ಕೆ. ಗೆಳೆಯರೊಬ್ಬರು ಸೆಲ್ಫ್ ಹೊಡೆಯಲಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ತೊಂದರೆ ಅರ್ಥಿಂಗಿನಲ್ಲೇ ಇದೆ. ಹಳೆಯ ಬ್ರಿಟಿಷ್ ಕಾರುಗಳಲ್ಲಿ ಎಷ್ಟೋ ಗಾಡಿಗಳಿಗೆ ಪ್ಲಸ್ ಕಡೆಯೇ ಅರ್ಥ್. ಅಲ್ಲಿ ಪ್ಲಸ್ ಕಂಬ ಹಿಡಿಯಿರಿ.

ಫ್ಯೂಸ್ ವಿಷಯ. ಗಾಜಿನ ಫ್ಯೂಸ್ ಒಳಗಿನ ತಂತಿ ಚೆನ್ನಾಗಿ ಕಂಡರೆ ಸಾಲದು. ಎರಡೂ ತುದಿಯ ಲೋಹದ ಟೋಪಿ ಉಜ್ಜಿ, ಹಿಡಿಯುವ ಕ್ಲಿಪ್ಪನ್ನೂ ಉಜ್ಜಿ.

ಗೆಳೆಯರನ್ನು ಕೇಳುವಾಗ "ಕಾರು ಸ್ಟಾರ್ಟ್ ಆಗ್ತಿಲ್ಲ" ಅಂತಷ್ಟೇ ಹೇಳಬೇಡಿ. ಯಾವ ಕಂಬದಿಂದ ಎಲ್ಲಿಗೆ ಅಳೆದಿರಿ, ಎಷ್ಟು ಬಂತು ಹೇಳಿ. ಮುಖ್ಯವಾಗಿ, ತೊಂದರೆ ಶುರುವಾಗುವ ಮುಂಚೆ ಕಾರಿನಲ್ಲಿ ಏನು ಕೆಲಸ ಮಾಡಿಸಿದ್ದಿರಿ ಅನ್ನುವುದನ್ನು ಮರೆಯಬೇಡಿ. "ಬಣ್ಣ ಹೊಡೆಸಿದ್ದೆ" ಅಂತ ಮೊದಲ ದಿನವೇ ಹೇಳಿದ್ದರೆ ನನ್ನ ಸೆಲ್ಫ್ ಮೋಟರ್ ಎರಡು ಸಲ ಕೆಳಗಿಳಿಯುತ್ತಿರಲಿಲ್ಲ.

ಈ ಭಾನುವಾರ ಬಾನೆಟ್ ಎತ್ತಿ. ಬ್ಯಾಟರಿಯ ಅರ್ಥ್ ಕೇಬಲ್ ಬಿಚ್ಚಿ, ಅದು ಷಾಸಿಗೆ ಸೇರುವ ಬೋಲ್ಟ್ ಹುಡುಕಿ, ಹೊಳೆಯುವವರೆಗೆ ಉಜ್ಜಿ. ಬಿಗಿದ ಮೇಲೆ ಸ್ವಲ್ಪ ವ್ಯಾಸಲೀನ್ ಹಚ್ಚಿದರೆ ತುಕ್ಕು ಬೇಗ ಬರುವುದಿಲ್ಲ. ಆಮೇಲೆ ಎಂಜಿನ್ನಿನ ಪಟ್ಟಿ. ಅದರ ಎರಡೂ ತುದಿ.

ನಮಸ್ಕಾರ.