ಪಾದ ನೋಡುವುದಕ್ಕೂ ಒಂದು ಡಿಗ್ರಿ ಬೇಕು

ನಮಸ್ಕಾರ. ಪಿಯುಸಿ ಸೈನ್ಸ್ ಓದುತ್ತಿರುವ ಮಕ್ಕಳು, ಅವರ ಅಪ್ಪ ಅಮ್ಮ ಇವತ್ತು ಸ್ವಲ್ಪ ಕೇಳಿಸಿಕೊಳ್ಳಿ. ಹಲ್ಲಿಗೆ ಬಿಡಿಎಸ್ ಇದೆ, ಕಣ್ಣಿಗೆ ಆಪ್ಟೋಮೆಟ್ರಿ ಇದೆ. ಪಾದಕ್ಕೆ? ಪೋಡಿಯಾಟ್ರಿ ಅನ್ನುವ ಹೆಸರನ್ನೇ ನಮ್ಮಲ್ಲಿ ಜಾಸ್ತಿ ಜನ ಕೇಳಿಲ್ಲ.

ಬ್ರಿಟನ್ನಿನಲ್ಲಿ ಇದಕ್ಕೆ ನೇರವಾಗಿ ಬಿಎಸ್ಸಿ ಇದೆ. ಸಾಮಾನ್ಯವಾಗಿ 3 ವರ್ಷ, ಸ್ಕಾಟ್ಲೆಂಡಿನಲ್ಲಿ 4. ನೋಂದಣಿ ಇಲ್ಲದವರು ಅಲ್ಲಿ ತಮ್ಮನ್ನು ಪೋಡಿಯಾಟ್ರಿಸ್ಟ್ ಅಂತ ಕರೆದುಕೊಳ್ಳುವ ಹಾಗಿಲ್ಲ. ಅಮೆರಿಕದ ದಾರಿ ಇನ್ನೂ ಉದ್ದ: 4 ವರ್ಷ ಡಿಪಿಎಂ (ಪೋಡಿಯಾಟ್ರಿಯ ಡಾಕ್ಟರ್ ಡಿಗ್ರಿ), ಆಮೇಲೆ 3 ವರ್ಷ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ತರಬೇತಿ. ಅಲ್ಲಿ ಅವರು ಸರ್ಜರಿಯನ್ನೂ ಮಾಡುತ್ತಾರೆ.

ನಮ್ಮಲ್ಲಿ? ಬೆಂಗಳೂರಿನ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್‌ನಲ್ಲಿ ಪೋಡಿಯಾಟ್ರಿ ವಿಭಾಗ ಇದೆ. ಒಳ್ಳೆಯದೇ. ಆದರೆ ಈ ದೇಶದಲ್ಲಿ ಪಾದದ ವಿದ್ಯೆ ಕಲಿಯುವವರು ಹೆಚ್ಚಾಗಿ ಆಗಲೇ ಡಾಕ್ಟರಾದವರು. ಎಂಬಿಬಿಎಸ್, ಎಂಎಸ್ ದಾಟಿ ಬಂದವರು ತಾಲ್ಲೂಕು ಆಸ್ಪತ್ರೆಯಲ್ಲಿ ಕೂತು ದಿನವಿಡೀ ಆಣಿ ಕೆರೆದು, ಉಗುರು ಕತ್ತರಿಸುತ್ತಾರಾ? ಅದನ್ನು ಕೇಳುವುದೂ ತಪ್ಪು.

ಆದರೆ ಕಾಲು ಉಳಿಯುವುದು ಆ ಕೆಲಸದಿಂದಲೇ. ಶುಗರ್ ಹಳೆಯದಾದಾಗ ಪಾದ ಜೋಮು ಹಿಡಿಯುತ್ತದೆ. ಚಪ್ಪಲಿಯೊಳಗೆ ಕಲ್ಲು ಸಿಕ್ಕಿದರೂ ಗೊತ್ತಾಗುವುದಿಲ್ಲ. ಮನೆಯಲ್ಲಿ ಬ್ಲೇಡಿನಿಂದ ಆಣಿ ಕೆರೆದುಕೊಂಡು ಗಾಯ ಮಾಡಿಕೊಳ್ಳುತ್ತಾರೆ. ಗಾಯ ಕೀವಾಗಿ, ಕೊನೆಗೆ ಕಾಲನ್ನೇ ತೆಗೆಯುವ ಮಾತು ಬರುತ್ತದೆ. ಇದನ್ನು ಮೊದಲೇ ಹಿಡಿಯಲು ಬೇಕಾದದ್ದು ಒಂದು ನೈಲಾನ್ ಎಳೆ, ಮಾನೋಫಿಲಮೆಂಟ್. 10 ಗ್ರಾಂ ಒತ್ತಡಕ್ಕೆ ಬಾಗುತ್ತದೆ. ರೋಗಿ ಕಣ್ಣು ಮುಚ್ಚಿರಬೇಕು, ಎಳೆ ತಾಗಿದ್ದು ತಿಳಿದರೆ ಹೇಳಬೇಕು. ಅಷ್ಟೇ! ಕಂಪನ ತಿಳಿಯಲು 128 ಹರ್ಟ್ಜ್‌ನ ಟ್ಯೂನಿಂಗ್ ಫೋರ್ಕ್, ರಕ್ತ ಓಡಾಟ ನೋಡಲು ಡಾಪ್ಲರ್ ಅನ್ನುವ ಯಂತ್ರ. ಉಳಿದದ್ದು ಕೈಯಲ್ಲಿರಬೇಕು: ಗಟ್ಟಿ ಚರ್ಮ ಎಷ್ಟು ತೆಗೆಯಬೇಕು, ಎಲ್ಲಿ ನಿಲ್ಲಿಸಬೇಕು, ಒತ್ತಡ ಬೀಳುವ ಜಾಗಕ್ಕೆ ಚಪ್ಪಲಿ ಹೇಗೆ ಹೊಂದಿಸಬೇಕು. ರೋಗಿಗಳ ಪಾದ ಹಿಡಿದು ಹಿಡಿದೇ ಬರುವ ವಿದ್ಯೆ ಅದು.

ಇದೇನೂ ನಮಗೆ ಪರದೇಶದ ವಿದ್ಯೆಯಲ್ಲ. ಸ್ಪರ್ಶ ಕಳೆದುಕೊಂಡ ಪಾದವನ್ನು ಕಾಪಾಡುವುದು ಹೇಗೆ ಅಂತ ಸರ್ಜನ್ ಡಾ. ಪಾಲ್ ಬ್ರಾಂಡ್ ಕುಷ್ಠರೋಗಿಗಳ ಜೊತೆ ಕೆಲಸ ಮಾಡುತ್ತಾ ಕಂಡುಕೊಂಡದ್ದು ಪಕ್ಕದ ವೆಲ್ಲೂರಿನಲ್ಲೇ.

ಡಾಕ್ಟರು, ನರ್ಸ್ ಬಿಟ್ಟು ಉಳಿದ ಆರೋಗ್ಯ ವೃತ್ತಿಗಳಿಗಾಗಿ ಬಂದ 2021ರ ಅಲೈಡ್ ಹೆಲ್ತ್ ಕಾಯ್ದೆಯ ಪಟ್ಟಿಯಲ್ಲಿ ಪೋಡಿಯಾಟ್ರಿಸ್ಟ್ ಹೆಸರಿದೆ. ಹೆಸರಿದ್ದರೆ ಸಾಲದು, ಪಿಯುಸಿ ಆದಮೇಲೆ ನೇರವಾಗಿ ಸೇರುವ ಡಿಗ್ರಿ ಎಲ್ಲ ಕಡೆ ಸಿಗಬೇಕು. ಕಲಬುರಗಿ, ಬಳ್ಳಾರಿ, ಹುಬ್ಬಳ್ಳಿಯ ಸರ್ಕಾರಿ ಮೆಡಿಕಲ್ ಕಾಲೇಜುಗಳಲ್ಲೇ ಶುರು ಮಾಡಿ. ಓದಿ ಬಂದವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಹುದ್ದೆಯನ್ನೂ ಮಂಜೂರು ಮಾಡಿ. ಕೆಲಸ ಸಿಗುವ ಭರವಸೆ ಇಲ್ಲದಿದ್ದರೆ ಯಾವ ಮನೆಯವರು ಮಕ್ಕಳನ್ನು ಕಳಿಸುತ್ತಾರೆ?